ಆಮಿನಳ ಅಕ್ಷರ ನೀರಿಗೆ ಬಿದ್ದದ್ದು

ಆಮಿನಳ ಕತೆ ಕೇಳ್ತೀರಾ? ಹೇಳ್ತೇನೆ. ನಡುವೆ ನನಗೆ ಸಿಟ್ಟು ಬಂದರೆ ಮಾತ್ರ ತಡೀಬೇಡಿ.

ಇಲ್ಲಿ ಗಲ್ಫಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಭಟ್ಕಳದ ಝಿಯಾಉದ್ದೀನ್ ಭಾಯಿಯ ವಿಲ್ಲಾ. ಅವರ ಮಗ ಝಯ್ಯಾನ್‌ಗೆ ನಾನು, ಮಂಗಳೂರಿನ ಲವಿನಾ, ಸಂಜೆ ಟ್ಯೂಷನ್ ಹೇಳಿಕೊಡ್ತೇನೆ. ಆಮಿನ ಆ ಮನೆಯ ಕೆಲಸದವಳು, ಆಫ್ರಿಕದ ಗಿನಿ ದೇಶದವಳು. ಅವಳು ಅಡುಗೆಮನೆಯಲ್ಲಿ ನಕ್ಕರೆ ಗೇಟಿಗೆ ಕೇಳಬೇಕು.

ಊರಲ್ಲಿ ಅವಳಿಗೆ ಒಬ್ಬಳೇ ಮಗಳು, ಬಿಂತಾ. ಹುಟ್ಟು ಕಿವುಡಿ. ಬೇರೆ ಕೆಲಸದವರೆಲ್ಲ ವಾಯ್ಸ್ ಮೆಸೇಜಿನಲ್ಲಿ ಅತ್ತು ಹಗುರಾಗ್ತಾರೆ, ಇವಳಿಗೆ ಆ ಭಾಗ್ಯ ಇಲ್ಲ. ತಾಯಿ ಮಗಳಿಗೆ ಓದಲು ಬರುವುದು ಅವರ ಫುಲಾನಿ ಜನರ ಆದ್ಲಮ್ ಅಕ್ಷರ ಒಂದೇ. ಇವಳು ಸಂತೆಯಲ್ಲಿ ಈರುಳ್ಳಿ ಮಾರುತ್ತಾ ಕಲಿತದ್ದು. ಆ ಅಕ್ಷರ ಫೋನಿಗೆ ಬರಲು ಎಷ್ಟೋ ವರ್ಷ ಹಿಡಿಯಿತು. ಬಂದದ್ದೇ ತಡ, ದುಬೈಯ ನೈಫ್ ಮಾರ್ಕೆಟಿನಿಂದ ಅಂಥ ಫೋನು ತರಿಸಿಕೊಂಡಳು. "ಹಳೇ ಫೋನಲ್ಲಿ ಬರೀ ಖಾಲಿ ಚೌಕ ಕಾಣ್ತದೆ ಟೀಚರ್," ಅಂತ ನನಗೆ ಹೆಮ್ಮೆಯಿಂದ ತೋರಿಸಿದ್ದಳು.

ಒಂದು ದಿನ ಝಯ್ಯಾನ್ ಹಠ ಹಿಡಿದ, ನಿನ್ನ ಅಕ್ಷರದಲ್ಲಿ ನನ್ನ ಹೆಸರು ಬರೆ ಅಂತ. ಆಮಿನ ಅವನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದಳು. ಮರುದಿನ ಹುಡುಗನಿಗೆ ಮೈ ಸುಡುವ ಜ್ವರ.

ಅವನ ತಾಯಿ ಕುದ್ಸಿಯಾ ಅಂಗೈ ನೋಡಿದರು. ಕುರ್‌ಆನ್ ಓದಿ ಬೆಳೆದ ಕಣ್ಣು ಅವರದು. ಬರಹ ಅರಬಿಯ ಹಾಗೇ ಬಲದಿಂದ ಎಡಕ್ಕೆ ಹೋಗ್ತದೆ, ಆದರೆ ಒಂದಕ್ಷರವೂ ಅರಬಿಯಲ್ಲ. ದೇವರ ಮಾತನ್ನು ಕೆಡಿಸಿ ಬರೆದ ಮಾಟ ಅಂತಲೇ ಅವರಿಗೆ ಅನಿಸಿತು. ಅನುವಾದದ ಆ್ಯಪನ್ನು ಅಂಗೈಗೆ ಹಿಡಿದರು. ಭಾಷೆ ಗುರುತು ಸಿಗಲಿಲ್ಲ ಅಂತ ಬಂತು.

"ಫೋನಿಗೇ ಗೊತ್ತಿಲ್ಲದ ಭಾಷೆ! ಇನ್ನೆಂತ ಬೇಕು ಟೀಚರ್?"

"ಜ್ವರ ಶಾಲೆಯಿಂದ ಬಂದದ್ದು ಮಾರಾಯ್ರೆ, ಅರ್ಧ ಕ್ಲಾಸು ಮಲಗಿದೆ," ಅಂದೆ. ಯಾರು ಕೇಳ್ತಾರೆ?

"ಮಾಫಿ ಸಿಹ್ರ್ ಮೇಡಂ, ಮಾಟ ಅಲ್ಲ!" ಅಂತ ಆಮಿನ ಓಡಿಹೋಗಿ ತನ್ನ ಫೋನು ತಂದಳು. ಪೆದ್ದಿ! ಮಗಳ ಮೆಸೇಜು ಒಂದೊಂದೇ ಸರಿಸಿ ತೋರಿಸಿದಳು. ಪರದೆ ತುಂಬ ಅದೇ ಅಕ್ಷರ, ನಡುವೆ ಝಯ್ಯಾನ್‌ನ ಫೋಟೋ. ನಾನು ನೋಡಿಕೊಳ್ಳುವ ಮಗು ಇವನೇ ಅಂತ ಬಿಂತಾಳಿಗೆ ಪ್ರೀತಿಯಿಂದ ಕಳಿಸಿದ್ದು. ಅಲ್ಲಿಗೆ ಖಲಾಸ್.

ಭಟ್ಕಳದ ಚಿಕ್ಕಮ್ಮನಿಗೆ ಫೋನು ಹೋಯಿತು. ಮಾಟದ ಬರಹ ಸಿಕ್ಕಿದರೆ ಬೋರೆ ಎಲೆ ಹಾಕಿ, ಕುರ್‌ಆನ್ ಓದಿ ಊದಿದ ನೀರಿನಲ್ಲಿ ಮುಳುಗಿಸಿಡಬೇಕಂತೆ. ಹುಡುಗನ ಕೈ ತೊಳೆದಾಯಿತು. ಉಳಿದ ಬರಹ? ಅದು ಫೋನಿನೊಳಗೆ! ನಗಬೇಡಿ. ನಮ್ಮಮ್ಮನೂ ಹೀಗೇ ಹೆದರಿ, ಪಾದ್ರಿಯನ್ನು ಕರೆಸಿ ಮನೆಯೆಲ್ಲ ಪವಿತ್ರ ಜಲ ಚಿಮುಕಿಸಿದವಳೇ. ಆದರೆ ಅವಳು ಯಾರ ಕರುಳಿಗೂ ಕೈ ಹಾಕಿರಲಿಲ್ಲ.

ಸಿಮ್ ತಮ್ಮ ಹೆಸರಿನದು ಅಂತ ಝಿಯಾಉದ್ದೀನ್ ಭಾಯಿ ತೆಗೆದಿಟ್ಟುಕೊಂಡರು. ಫೋನು ಬಕೆಟ್ಟಿಗೆ ಬಿತ್ತು.

"ಮೇಡಂ, ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ! ಅವಳ ನಂಬರೂ ಅದರಲ್ಲೇ ಇದೆ!" ಆಮಿನ ನೀರಿಗೆ ಕೈ ಹಾಕಿದಳು. ಕುದ್ಸಿಯಾ ಅವಳ ಮಣಿಕಟ್ಟು ಹಿಡಿದು ದೂಡಿದರು. ನಾನು ಬಾಯಿಗೆ ಬಂದಂತೆ ಬೈದೆ. "ನಿಮಗೆ ಇದೆಲ್ಲ ಗೊತ್ತಾಗಲ್ಲ ಟೀಚರ್," ಅಂದರು.

ಜ್ವರ ತಾನಾಗಿ ಇಳಿಯಿತು, ಇಳಿಸಿದ ಹೆಸರು ಮಾತ್ರ ನೀರಿಗೆ ಬಂತು. ಆಮಿನಳನ್ನು ಊರಿಗೂ ಕಳಿಸಲಿಲ್ಲ. ಮಾಟ ಹೋಯಿತಲ್ಲ, ಕೆಲಸದವಳು ಯಾಕೆ ಹೋಗಬೇಕು? ಸಿಮ್ಮನ್ನು ಝಯ್ಯಾನ್ ಆಟವಾಡುವ ಹಳೇ ಫೋನಿಗೆ ಹಾಕಿದರು.

ಮುಂದಿನ ವಾರ ಪಾಠದ ನಡುವೆ ಆ ಫೋನು ಟಿಂಗ್ ಅಂತು. ಮತ್ತೆ ಟಿಂಗ್. ಆಮಿನ ಪಾತ್ರೆ ಬಿಟ್ಟು ಒದ್ದೆ ಕೈಯಲ್ಲೇ ಓಡಿಬಂದಳು.

"ಬಿಂತಾ! ಒಂದೇ ಸಲ ಮೇಡಂ, ಓದಿ ಕೊಡ್ತೇನೆ."

ಕುದ್ಸಿಯಾ ಪರದೆ ನೋಡಿದರು. ಮುಖ ಅರಳಿತು. ತಾವಾಗಿ ಫೋನನ್ನು ಅವಳ ಕಣ್ಣೆದುರು ಹಿಡಿದರು. ಸಾಲುಸಾಲು ಖಾಲಿ ಚೌಕ. ಆಮಿನ ಅವುಗಳ ಮೇಲೆ ಬಲದಿಂದ ಎಡಕ್ಕೆ ಬೆರಳಾಡಿಸಿದಳು, ತಿರುಗಿ ಮೊದಲಿಂದ ಆಡಿಸಿದಳು.

"ಅಲ್‌ಹಮ್ದುಲಿಲ್ಲಾಹ್! ಅಕ್ಷರವೆಲ್ಲ ಸತ್ತುಹೋಗಿದೆ. ನೋಡಿದಿರಾ ಟೀಚರ್, ನೀರು ಕೆಲಸ ಮಾಡಿತು."

"ಇಲ್ಲಿ ಕೊಡಿ, ನಂಬರಾದರೂ ಬರೆದುಕೊಳ್ತೇನೆ!" ಅಂತ ನಾನು ಎದ್ದು ಕೈ ಚಾಚಿದೆ.

"ಸತ್ತದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು," ಅಂದ ಕುದ್ಸಿಯಾ ಎಲ್ಲ ಅಳಿಸಿ, ನಂಬರನ್ನೂ ಬ್ಲಾಕ್ ಮಾಡಿ, ಫೋನನ್ನು ಹುಡುಗನಿಗೆ ಆಡಲು ಕೊಟ್ಟರು.