ಮದಾರಬೀಯವರ ಮೋಟು ಬೆರಳು

ಬಳ್ಳಾರಿ ಹತ್ತಿರದ ಮೋಕ ಎಂಬ ಊರಿನ ರೈತ ಗಾದೆಪ್ಪನ ಹಿತ್ತಲಲ್ಲಿ ಕೋಳಿ ಇನ್ನೂ ಕೂಗುತ್ತಲೇ ಇದೆ. ಆಗಲೇ ಮದಾರಬೀ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದನಗಳು ನೀರು ಕುಡಿಯುವ ಹೊಸ ತೊಟ್ಟಿಯೊಳಗೆ ಮಂಡಿಯೂರಿದ್ದಾರೆ. ಕೈಯಲ್ಲಿ ಮರದ ಕೊಡತಿ. ಸುಣ್ಣ, ಮರಳು, ಇಟ್ಟಿಗೆ ಚೂರು ಕಲಸಿ ಹಾಸಿದ ಹಸಿ ಗಚ್ಚಿನ ಮೇಲೆ ಅದು ಥಪ್ ಥಪ್ ಎಂದು ಬೀಳುತ್ತಿದೆ. ಎದುರಿಗೆ ಗೆಳತಿ ದುರುಗಮ್ಮ, ಅದೇ ತಾಳಕ್ಕೆ. ನಡುನಡುವೆ ಮದಾರಬೀ ಬೆಲ್ಲ, ಅಳಲೆಕಾಯಿ ನೆನೆಸಿದ ಕಂದು ನೀರನ್ನು ಚಿಮುಕಿಸುತ್ತಾರೆ, ಮತ್ತೆ ಬಡಿಯುತ್ತಾರೆ. ಆಮೇಲೆ ಕೊಡತಿಯನ್ನು ಪಕ್ಕಕ್ಕಿಟ್ಟು, ಬಗ್ಗಿ ಗಚ್ಚಿಗೆ ಕಿವಿ ಹಚ್ಚಿ, ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟುತ್ತಾರೆ.

“ಇನ್ನಾ ಓಗೊಟ್ಟಿಲ್ಲ,” ಎನ್ನುತ್ತಾರೆ. ಕೊಡತಿ ಮತ್ತೆ ಏಳುತ್ತದೆ.

ಹೆಸರು ಹಿಡಿದು ಯಾರಾದರೂ ಕರೆದಾಗ ನಾವು ‘ಓ’ ಎನ್ನುತ್ತೇವಲ್ಲ, ಅದೇ ಓಗೊಡುವುದು. ಗಚ್ಚೂ ಹಾಗೆಯೇ ಎಂಬುದು ಇವರ ನಂಬಿಕೆ. ಹಸಿಯಿದ್ದಾಗ ಅದು ಏಟನ್ನು ಸುಮ್ಮನೆ ನುಂಗಿಕೊಳ್ಳುತ್ತದೆ. ದಿನಗಟ್ಟಲೆ ಬಡಿದ ಮೇಲೆ ಒಂದು ಹೊತ್ತಿನಲ್ಲಿ ಕೊಡತಿ ತಾನಾಗಿ ಪುಟಿದೇಳುತ್ತದೆ, ತಟ್ಟಿದರೆ ಒಳಗಿನಿಂದ ಕಂಚಿನ ತಟ್ಟೆಯಂಥ ದನಿ ಬರುತ್ತದೆ. ಗಚ್ಚು ಓಗೊಟ್ಟಿತು ಎಂದು ಲೆಕ್ಕ. ಆಮೇಲೆ ಎಂಥ ಮಳೆ ಸುರಿದರೂ ಹನಿ ನೀರು ಕೆಳಗಿಳಿಯುವುದಿಲ್ಲ.

ಓದುಗರೇ, ದನದ ತೊಟ್ಟಿಯೊಳಗೆ ಕೂತಿರುವ ಈ ಹೆಣ್ಣುಮಗಳು ಬಳ್ಳಾರಿ ದಂಡು ಪ್ರದೇಶದ ದೊಡ್ಡ ಬಂಗಲೆಯ ತಾರಸಿ ಬಡಿದವರು. ಕುರುಗೋಡಿನ ಪಟೇಲರ ಮಹಡಿ ಮನೆಯ ತಾರಸಿ ಬಡಿದವರು. ಹದಿನಾಲ್ಕು ವರ್ಷಗಳಲ್ಲಿ ಇಂಥ ಹನ್ನೊಂದು ಮನೆಗಳ ನೆತ್ತಿ ಇವರ ಕೈಯಲ್ಲಿ ಗಟ್ಟಿಯಾಗಿದೆ. ಆ ಮನೆಗಳನ್ನು ನೋಡಲು ಜನ ಮದರಾಸಿನಿಂದ ರೈಲು ಹತ್ತಿ ಬರುತ್ತಾರೆ. ಇವರನ್ನು ನೋಡಲು ಒಬ್ಬನೂ ಬಂದಿಲ್ಲ. ಸಂಗನಕಲ್ಲಿನ ಗಚ್ಚಿನ ಕೂಲಿಯವಳಿಗೆ ‘ಅವರು’ ಎಂದು ಬರೆದದ್ದಕ್ಕೆ ಮುಖ ಸಿಂಡರಿಸುವವರು ಪತ್ರಿಕೆಯನ್ನು ಇಲ್ಲಿಗೇ ಮಡಚಿಡಬಹುದು, ನನ್ನ ತಕರಾರಿಲ್ಲ.

ಕಳೆದ ಪುಷ್ಯ ಮಾಸದಲ್ಲಿ ಅಂಥದೊಂದು ತಂಡದ ಜೊತೆ ನಾನೂ ಹೋಗಿದ್ದೆ. ಮೂರು ದಿನ, ಮೂರು ಮನೆ: ಮೊದಲು ಬಳ್ಳಾರಿ, ಮರುದಿನ ಕುರುಗೋಡು, ಕೊನೆಗೆ ಸಿರುಗುಪ್ಪದಲ್ಲಿ ಭತ್ತದ ಸಾಹುಕಾರರೊಬ್ಬರ ಹೊಸ ಮನೆ. ಮೂರರ ನಕ್ಷೆಯನ್ನೂ ಬರೆದವರು ಒಬ್ಬರೇ ಇಂಜಿನಿಯರ್ ದೊರೆ. ಅವರು ಕೆಲಸ ಬಿಟ್ಟು ವಿಲಾಯತಿಗೆ ಹೋಗಿ ಎರಡು ವರ್ಷವಾಯಿತು, ಸಿರುಗುಪ್ಪದ ಮನೆ ಅವರು ಬಿಟ್ಟುಹೋದ ನಕ್ಷೆಯಂತೆ ಏಳುತ್ತಿತ್ತು. ದೊರೆಯ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ನಮಗೆಲ್ಲ ಹಂಚಿದ ನಾಲ್ಕು ಪುಟದ ಅಚ್ಚಿನ ಕರಪತ್ರದಲ್ಲಿ ಅದು ಇಪ್ಪತ್ತಮೂರು ಸಲ ಬಂದಿದೆ, ಸಾಕು. ದೊರೆಯ ಕುದುರೆಯ ಹೆಸರು ಒಂದು ಸಲ, ಗುತ್ತೇದಾರ ಜಂಬಣ್ಣನ ಹೆಸರು ಮೂರು ಸಲ. ಕಲ್ಲು ಕಡಿದವರ, ಗೋಡೆ ಎತ್ತಿದವರ, ಗಚ್ಚು ಬಡಿದವರ ಹೆಸರು ಹುಡುಕಿದೆ. ಇಲ್ಲ.

ದಾರಿ ತೋರಿಸಲು ನಮ್ಮೊಂದಿಗೆ ಇದ್ದಾತ ಮೂಕಪ್ಪ. ಹೆಸರಿಟ್ಟ ಹೆತ್ತವರು ಈತನ ಬಾಯಿಯನ್ನು ಮುಂಗಂಡಿರಲಿಲ್ಲ ಪಾಪ. ಬಂಡಿ ಹತ್ತಿದ ಗಳಿಗೆಯಿಂದ ಇಳಿಯುವ ತನಕ ಆ ಬಾಯಿ ಮುಚ್ಚಿದ್ದನ್ನು ನಾನು ನೋಡಲಿಲ್ಲ. ಬಳ್ಳಾರಿಯ ಬಂಗಲೆಯ ತಾರಸಿಗೆ ನಮ್ಮನ್ನು ಹತ್ತಿಸಿ, ನೀರು ಹರಿದುಹೋಗುವ ಬಾಯಿಯ ಪಕ್ಕ, ಗಾರೆಯಲ್ಲಿ ಅಚ್ಚೊತ್ತಿದ್ದ ಒಂದು ಅಂಗೈ ಗುರುತನ್ನು ತೋರಿಸಿದ. ಬಲಗೈ. ಕಿರುಬೆರಳು ಅರ್ಧಕ್ಕೇ ಮುಗಿದಿತ್ತು. ಇದು ಸಾಕ್ಷಾತ್ ದೊರೆಗಳ ಹಸ್ತವೆಂದೂ, ಸೊಂಡೂರಿನ ಗುಡ್ಡದಲ್ಲಿ ಚಿರತೆಯೊಂದು ಅವರ ಕಿರುಬೆರಳನ್ನು ಕಚ್ಚಿಕೊಂಡು ಹೋಯಿತೆಂದೂ, ಕಟ್ಟಿದ ಪ್ರತಿ ಮನೆಯ ಮೇಲೂ ಅವರು ಹೀಗೆ ಕೈ ಒತ್ತಿ ಹರಸುತ್ತಿದ್ದರೆಂದೂ ವರ್ಣಿಸಿದ. ತಂಡದಲ್ಲಿದ್ದ ಮೇಡಂ ಒಬ್ಬರು ಕಣ್ಣೊರೆಸಿಕೊಂಡರು. ಕುರುಗೋಡಿನಲ್ಲಿಯೂ ಅದೇ ಮೋಟು ಬೆರಳು, ಅದೇ ಕಥೆ. ಅಷ್ಟು ಹೊತ್ತಿಗೆ ಚಿರತೆ ಹೋಗಿ ಹುಲಿಯಾಗಿತ್ತು.

ಆ ಬೆರಳನ್ನು ತಿಂದದ್ದು ಚಿರತೆಯೂ ಅಲ್ಲ, ಹುಲಿಯೂ ಅಲ್ಲ. ಮದಾರಬೀ ಕೊಡತಿ ಹಿಡಿದ ಬಲಗೈ ಈಗ ನನ್ನ ಕಣ್ಣೆದುರಿಗಿದೆ. ಕಿರುಬೆರಳು ಅರ್ಧಕ್ಕೇ ಮುಗಿದಿದೆ.

“ಧಾತು ವರ್ಷದ ಬರಗಾಲದಾಗ ಗಂಡ ಹೋದ್ರಿ,” ಎನ್ನುತ್ತಾರೆ, ಬಡಿತ ನಿಲ್ಲಿಸದೆ. “ಕುರುಗೋಡಿನಾಗ ಬರದ ಕೆಲಸ ನಡದಿತ್ತು. ಗಾರಿ ಅರಿಯೋ ಗಾಣಕ್ಕ ನನ್ನ ಹಚ್ಚಿದ್ರು. ಮೂರು ದಿನದಿಂದ ಹೊಟ್ಟಿಗಿಲ್ಲ, ಕಣ್ಣು ಮಂಜು. ಕೈ ಎಲ್ಲೈತಿ, ಗಾಲಿ ಎಲ್ಲೈತಿ ತಿಳೀಲಿಲ್ಲ. ಬೆರಳು ಹೋತು. ಮರುದಿನ ಮತ್ತ ಹೋದ್ನಿ. ಹೋಗದಿದ್ರ ಗಂಜಿ ಇಲ್ಲ.”

ಅದಾಗಿ ಈಗ ಹದಿನೈದು ವರ್ಷ. ಗಾಣದಿಂದ ಗಚ್ಚಿಗೆ ಬಂದವರು ಮತ್ತೆ ಬಿಡಲಿಲ್ಲ. ಇಂದು ಇವರ ಗುಂಪಿನಲ್ಲಿ ಹದಿನೆಂಟು ಹೆಂಗಸರಿದ್ದಾರೆ. ಎಲ್ಲರೂ ಸಂಗನಕಲ್ಲು, ಮೋಕದ ಸುತ್ತಿನವರು, ಅರ್ಧಕ್ಕರ್ಧ ವಿಧವೆಯರು. ಒಂದು ದೊಡ್ಡ ತಾರಸಿಗೆ ಹತ್ತು ದಿನ ಬೇಕು. ಎರಡು ಸಾಲಾಗಿ ಎದುರುಬದುರು ಕೂತು, ಮುಂಜಾನೆಯಿಂದ ಬಿಸಿಲೇರುವ ತನಕ, ಮತ್ತೆ ಇಳಿಹೊತ್ತಿನಿಂದ ದೀಪ ಹಚ್ಚುವ ತನಕ ಬಡಿಯಬೇಕು. ಸುಣ್ಣ ಅಂಗೈಯನ್ನು ಸುಡುತ್ತದೆ. ಹತ್ತನೆಯ ದಿನದ ಹೊತ್ತಿಗೆ ರೊಟ್ಟಿ ಮುರಿಯಲೂ ಬೆರಳು ಮಡಚುವುದಿಲ್ಲ ಎಂದು ದುರುಗಮ್ಮ ಕೈ ಚಾಚಿ ತೋರಿಸುತ್ತಾರೆ. ಆ ಅಂಗೈಯ ಬಿರುಕುಗಳನ್ನು ನೋಡಿದವರು ಕರಪತ್ರದ ‘ಅದ್ಭುತ ವಿನ್ಯಾಸ’ ಎಂಬ ಮಾತನ್ನು ಇನ್ನೊಮ್ಮೆ ಓದಲಾರರು.

ಆ ಕೈಗುರುತು ಏಕೆ ಎಂದು ಕೇಳಿದೆ. ತಾರಸಿ ಓಗೊಟ್ಟ ಮೇಲೆ ಮೂಲೆಯಲ್ಲಿ ಒಂದು ಹಿಡಿ ನುಣ್ಣನೆಯ ಗಾರೆ ಬಳಿದು ಅದರಲ್ಲಿ ಅಂಗೈ ಒತ್ತುತ್ತಾರಂತೆ. ಅದಿದ್ದರೆ ಮಾತ್ರ ಬೇರೆ ಕೆಲಸದವರು ಮೇಲೆ ಕಾಲಿಡಬಹುದು.

“ನಂಗ ಬರಿಯಾಕ ಬರಂಗಿಲ್ಲ,” ಎನ್ನುತ್ತಾರೆ ಮದಾರಬೀ. “ಮೊಹರಮ್ಮಿನಾಗ ಪೀರಲ ದೇವ್ರ ಮನಿ ಗ್ವಾಡಿಗೆ ಗಂಧದ ಕೈ ಒತ್ತತೀವಲ್ಲ, ಹಂಗ ಒತ್ತತೀನಿ. ಈ ಮಾಳಿಗಿ ಓಗೊಟ್ಟೈತಿ, ನಾ ಕೇಳೀನಿ, ಅಂತ.”

ಹರಕೆಯ ಕೈಯಷ್ಟೇ ನಿಷ್ಠೆಯ ಈ ಕೈಯನ್ನು ಮೂಕಪ್ಪ ದೊರೆಗೆ ಕೊಟ್ಟುಬಿಟ್ಟ. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಸಿರುಗುಪ್ಪದಲ್ಲಿ ಆದದ್ದು ನಗುವ ಮಾತಲ್ಲ.

ನಮ್ಮ ತಂಡ ಅಲ್ಲಿಗೆ ಮುಟ್ಟುವ ಹಿಂದಿನ ಸಂಜೆ ಸಾಹುಕಾರರ ತಾರಸಿಯ ಬಡಿತಕ್ಕೆ ಇನ್ನೂ ಆರೇ ದಿನವಾಗಿತ್ತು. ಗುತ್ತೇದಾರ ಜಂಬಣ್ಣ ಮೇಲೆ ಬಂದು, ನಾಳೆ ಮದರಾಸಿನವರು ಬರುತ್ತಾರೆ, ದೊರೆಯ ಹಸ್ತ ಎಲ್ಲಿ ಎಂದು ಕೇಳುತ್ತಾರೆ, ಈಗಲೇ ಕೈ ಒತ್ತಿ ಇಳಿಯಿರಿ ಎಂದ. ತಾನು ಹದಿನಾಲ್ಕು ವರ್ಷ ಕೆಲಸ ಕೊಟ್ಟ ಹೆಂಗಸಿನ ಹೆಸರು ಅವನಿಗೆ ಗೊತ್ತಿಲ್ಲ, ಅಥವಾ ಬೇಕಾಗಿಲ್ಲ. ಕರೆಯುವುದು ‘ಗಚ್ಚಿನಾಕಿ’ ಎಂದೇ. ಮುಂದಿನದನ್ನು ದುರುಗಮ್ಮ ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ. ಮದಾರಬೀ ಕೊಡತಿ ಕೆಳಗಿಟ್ಟು ಎದ್ದು ನಿಂತರಂತೆ.

“ಓಗೊಡದ ಮಾಳಿಗಿ ಮ್ಯಾಲೆ ನನ್ನ ಕೈ ಇಡಂಗಿಲ್ರಿ, ಅಣ್ಣಾರ. ಇನ್ನಾ ನಾಕು ದಿನ ಕೊಡ್ರಿ.”

“ಏ ಗಚ್ಚಿನಾಕಿ, ಕೈ ಇಡದಿದ್ರ ನಾಳಿಂದ ಹದಿನೆಂಟೂ ಮಂದಿ ನನ್ನ ಕೆಲಸಕ್ಕ ಬರಬ್ಯಾಡ್ರಿ.”

ಮದಾರಬೀ ಹಿಂದಿರುಗಿ ತಮ್ಮ ಹೆಂಗಸರ ಮುಖ ನೋಡಿದರಂತೆ. ಬಳ್ಳಾರಿ ಸೀಮೆಯ ದೊಡ್ಡ ಕೆಲಸಗಳೆಲ್ಲ ಜಂಬಣ್ಣನ ಕೈಯಲ್ಲಿವೆ, ಇದು ಎಲ್ಲರಿಗೂ ಗೊತ್ತು. ಒಂದು ಅಂಗೈ ಒತ್ತಿದ್ದರೆ ಹದಿನೆಂಟು ಒಲೆ ಉರಿಯುತ್ತಿದ್ದವು. ಮದಾರಬೀ ಒತ್ತಲಿಲ್ಲ. ಹೆಂಗಸರೂ ಒತ್ತು ಎನ್ನಲಿಲ್ಲ. ಆ ಸಂಜೆ ಜಂಬಣ್ಣನೇ ಗಾರೆ ಬಳಿಸಿ ತನ್ನ ಕೈ ಒತ್ತಿದ. ಬಂದವರ ಕಣ್ಣಿಗೆ ಕೂಲಿಯವರು ಬೀಳಬಾರದೆಂದು ಮರುದಿನ, ಆರು ದಿನದ ಕೂಲಿಗೆ ಕಾದಿದ್ದ ಇವರನ್ನು ದನದ ಕೊಟ್ಟಿಗೆಯ ಹಿಂದೆ ಕೂರಿಸಿದ.

ನಾವು ತಾರಸಿ ಹತ್ತಿದೆವು. ಮೂಕಪ್ಪ ಹುಲಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ಗೊಂಡೆ ಹೂವಿನ ಹಾರ ಹಾಕಿದ್ದ ಕೈಗುರುತಿನತ್ತ ಬೆರಳು ತೋರಿದ. ತಂಡದಲ್ಲಿ ಮುಪ್ಪಿನ ಮುನಸೀಫರೊಬ್ಬರಿದ್ದರು. ಕನ್ನಡಕ ಏರಿಸಿ, ಬಗ್ಗಿ, ಒಂದೊಂದೇ ಬೆರಳು ಎಣಿಸಿದರು. ಐದು. ಕಿರುಬೆರಳು ತುದಿಯವರೆಗೂ ದುಂಡಗಿತ್ತು.

“ದೊರೆಗಳ ಬೆರಳು ಮತ್ತೆ ಚಿಗುರಿತೇ?” ಎಂದರು.

ಮೂಕಪ್ಪ ಜನ್ಮದಲ್ಲಿ ಮೊದಲ ಸಲ ಮೂಕನಾದ. ಮರುಗಳಿಗೆಯಲ್ಲೇ ಚೇತರಿಸಿಕೊಂಡು, ಇದು ಅವರ ಎಡಗೈ ಎಂದ. ಮುನಸೀಫರು ತಮ್ಮ ಬಲಗೈಯನ್ನು ಗುರುತಿನ ಮೇಲಿಟ್ಟರು. ಹೆಬ್ಬೆರಳ ಮೇಲೆ ಹೆಬ್ಬೆರಳು ಸರಿಯಾಗಿ ಕೂತಿತು. ವಿಲಾಯತಿಯಲ್ಲಿರುವ ದೊರೆ ಹಸಿ ಗಾರೆಗೆ ಕೈ ಒತ್ತಲು ನಿನ್ನೆ ಯಾವ ರೈಲಿಗೆ ಬಂದರು ಎಂದೂ ಕೇಳಿದರು. ಎಲ್ಲರೂ ಗೊಳ್ಳೆಂದು ನಕ್ಕರು. ಜಂಬಣ್ಣ ಎಲೆ ಹಾಕಿದೆ ಎಂದು ಕೂಗಿದ, ಎಲ್ಲರೂ ಇಳಿದು ಹೋಳಿಗೆ ಊಟಕ್ಕೆ ಕೂತರು.

ಈ ಕೈ ದೊರೆಯದಲ್ಲದಿದ್ದರೆ ಮತ್ತೆ ಯಾರದು? ಬಳ್ಳಾರಿಯಲ್ಲಿ, ಕುರುಗೋಡಿನಲ್ಲಿ ನೋಡಿದ ಆ ಮೋಟು ಬೆರಳು ಯಾರದು? ಓದಿದವರು, ನ್ಯಾಯ ತೀರ್ಮಾನ ಮಾಡಿದವರು, ಕಾಲೇಜಿನಲ್ಲಿ ಪಾಠ ಹೇಳುವವರು ಹದಿನಾಲ್ಕು ಜನರಿದ್ದೆವು. ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾನೂ ನಕ್ಕೆ, ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದಾಗ, ಕೊಟ್ಟಿಗೆಯ ಹಿಂದೆ ಒಬ್ಬ ಹೆಂಗಸು ಊರಿಗೆ ಹೊರಡಲು ಕೊಡತಿಗಳನ್ನು ತೊಳೆದು ಗಂಟು ಕಟ್ಟುತ್ತಿದ್ದರು. ಗಂಟು ಬಿಗಿದ ಆ ಬಲಗೈ ನೋಡಿದೆ, ಕಿರುಬೆರಳು ಅರ್ಧಕ್ಕೇ ಮುಗಿದಿತ್ತು. ಹತ್ತಿರ ಹೋಗಿ ಅವರ ಹೆಸರು, ಊರು ಕೇಳಿಕೊಂಡೆ.

ಸಂಗನಕಲ್ಲಿನ ಗುಡ್ಡದಲ್ಲಿ ಎಂದೋ ಯಾರೋ ಅರೆದ ಕಲ್ಲಿನ ಕೊಡಲಿಗಳನ್ನು ದೊರೆಗಳು ಬಂದು ಆಯ್ದು, ತೊಳೆದು, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಸತ್ತು ಸಾವಿರಾರು ವರ್ಷವಾದವನ ಕೈಕೆಲಸಕ್ಕೆ ಅಷ್ಟು ಮರ್ಯಾದೆ. ಅದೇ ಗುಡ್ಡದ ಬುಡದಲ್ಲಿ ಬದುಕಿರುವ ಹೆಣ್ಣಿನ ಕೈ ಯಾರದೆಂದು ಕೇಳುವ ಪುರುಸೊತ್ತು ಇಲ್ಲ. ಇದಕ್ಕೆ ನಾಗರಿಕತೆ ಎಂದು ಹೆಸರು.

ದೊರೆಯ ಮೇಲೆ ಮದಾರಬೀಗೆ ಸಿಟ್ಟಿಲ್ಲ. ಆತ ಕೆಟ್ಟವನಲ್ಲ, ಚಿತ್ರ ಚೆಂದ ಬರೆಯುತ್ತಿದ್ದ, ಗಚ್ಚು ಓಗೊಡುವ ಮೊದಲು ಒಂದು ದಿನವೂ ಏಳಿ ಎಂದವನಲ್ಲ ಎನ್ನುತ್ತಾರೆ. ಸಿಟ್ಟು ಇರುವುದು ನನಗೆ. ಐದು ತಿಂಗಳಿಂದ ಜಂಬಣ್ಣ ಇವರಿಗೆ ಒಂದು ಕೆಲಸ ಕೊಟ್ಟಿಲ್ಲ. ಹದಿನೆಂಟು ಜನರಲ್ಲಿ ಕೆಲವರು ಹೊಲದ ಕಳೆಗೆ, ಕೆಲವರು ರೈಲು ರಸ್ತೆಯ ಜಲ್ಲಿಗೆ ಹೋಗುತ್ತಿದ್ದಾರೆ. ಇವರಿಬ್ಬರು ಇಲ್ಲಿ ದನದ ತೊಟ್ಟಿಯಲ್ಲಿ ಕೂತಿದ್ದಾರೆ. ಕೈ ಒತ್ತಬೇಕಿತ್ತು ಎಂದು ಒಮ್ಮೆಯಾದರೂ ಅನ್ನಿಸಲಿಲ್ಲವೇ ಎಂದು ಕೇಳಿದೆ. ಮದಾರಬೀ ಗಚ್ಚಿಗೆ ಇನ್ನೊಮ್ಮೆ ನೀರು ಚಿಮುಕಿಸಿದರು. ಮನೆಗೆ ಹೋಗಿ ಖಾಲಿ ಮಡಕೆ ನೋಡಿದ ದಿನ ಅನ್ನಿಸಿದ್ದುಂಟು ಎಂದರು. ಆದರೆ ಆ ಕೈ ಕಂಡು ನಂಬಿ ಮನೆಯವರು ಕೆಳಗೆ ಮಕ್ಕಳನ್ನು ಮಲಗಿಸುತ್ತಾರಲ್ಲ ಎಂದರು.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಗಾದೆಪ್ಪನ ಬಾಗಿಲಲ್ಲಿ ಒಂದು ಬಂಡಿ ನಿಲ್ಲುತ್ತದೆ. ಬಂಡಿಯವನು ಸಿರುಗುಪ್ಪದಿಂದ ಬಂದವನು. ರೋಹಿಣಿ ಮಳೆ ಎರಡು ಸಲ ಸುರಿದದ್ದಕ್ಕೇ ಸಾಹುಕಾರರ ಹೊಸ ತಾರಸಿ ಆರು ಕಡೆ ಸೋರುತ್ತಿದೆಯಂತೆ. ಸಾಹುಕಾರರು ಭತ್ತದ ಚೀಲ ಹೊರಗೆಳೆಸಿ, ಜಂಬಣ್ಣನನ್ನು ಅಂಗಳದಲ್ಲಿ ನಿಲ್ಲಿಸಿ ಬೈದರಂತೆ. ಆ ಗಚ್ಚಿನಾಕಿಯನ್ನು ಕೂರಿಸಿಕೊಂಡು ಬಾ ಎಂದು ಜಂಬಣ್ಣ ಬಂಡಿ ಕಳಿಸಿದ್ದಾನೆ.

ದುರುಗಮ್ಮನ ಕೊಡತಿ ಅಲ್ಲಿಯೇ ನಿಲ್ಲುತ್ತದೆ. ಹದಿನೆಂಟು ಮನೆಯ ಅನ್ನ ಬಾಗಿಲಿಗೆ ಬಂದು ನಿಂತಿದೆ. ಮದಾರಬೀ ಮಾತ್ರ ಬಗ್ಗಿ, ತೊಟ್ಟಿಯ ತಳಕ್ಕೆ ಕಿವಿ ಹಚ್ಚಿ, ಗೆಣ್ಣಿನಿಂದ ತಟ್ಟಿ ಕೇಳುತ್ತಾರೆ. ಆಮೇಲೆ ತಲೆ ಎತ್ತುತ್ತಾರೆ.

“ಈ ತೊಟ್ಟಿ ಓಗೊಡಾಕ ಇನ್ನಾ ಎರಡು ದಿನ ಬೇಕು,” ಎನ್ನುತ್ತಾರೆ ಬಂಡಿಯವನಿಗೆ. “ಅದು ಮುಗದ ಮ್ಯಾಲೆ ಹದಿನೆಂಟೂ ಮಂದಿ ಬರತೀವಿ. ಆ ಐದು ಬೆರಳಿನ ಗಚ್ಚು ಕಿತ್ತು ಮೊದಲಿಂದ ಬಡೀಬೇಕು, ಹತ್ತು ದಿನಕ್ಕ ಒಂದು ದಿನ ಕಮ್ಮಿ ಆಗಂಗಿಲ್ಲ ಅಂತ ಹೇಳು.”

ಬಂಡಿಯವನು ತಲೆಯಾಡಿಸಿ ಎತ್ತಿನ ಹಗ್ಗ ಹಿಡಿಯುತ್ತಾನೆ. ಮದಾರಬೀ ಅವನನ್ನು ನಿಲ್ಲಿಸುತ್ತಾರೆ. ಕೊಡತಿ ಹಿಡಿದ ಕೈಯಿಂದಲೇ ಹಣೆಯ ಬೆವರು ಒರೆಸಿಕೊಳ್ಳುತ್ತಾರೆ.

“ಇನ್ನೊಂದು ಮಾತು ಹೇಳು ಜಂಬಣ್ಣಗ. ಗಚ್ಚಿನಾಕಿ ಅನ್ನೋರು ನಮ್ಮ ಗುಂಪಿನಾಗ ಯಾರೂ ಇಲ್ಲ. ಮದಾರಬೀ ಅಂತ ಕರೀಲಿ. ಓ ಅಂತೀನಿ.”