ಹಗ್ಗದ ಕೊನೆಯ ಜಾಗ

ಕಳೆದ ವರ್ಷದ ಕೃಷ್ಣಾಷ್ಟಮಿಯ ಹಗ್ಗಜಗ್ಗಾಟದಲ್ಲಿ ನಮ್ಮ ಮಹಿಳಾ ಮಂಡಲ ಗೆದ್ದಿತು. ಬಹುಮಾನ ಒಂದು ಬಾಳೆಗೊನೆ. ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವಳು ನಾನು. ಕೊನೆಯವಳು ಕದಲಿದರೆ ಇಡೀ ತಂಡ ಮಗುಚಿದ ಹಾಗೆ. ಅದಕ್ಕೇ ಕೊನೆಯ ಎಳೆತದಲ್ಲಿ ಹೊಕ್ಕುಳಿನ ಕೆಳಗೆ, ಎಡಬದಿಯಲ್ಲಿ, ಹಳೆಯ ಬಟ್ಟೆ ಪರ್ರನೆ ಹರಿದ ಹಾಗೆ ಏನೋ ಆದಾಗಲೂ ನಾನು ಹಗ್ಗ ಬಿಡಲಿಲ್ಲ. ಸೀಟಿ ಊದಿದರು. ಎಲ್ಲರೂ ಕುಣಿದರು. ನಾನು ಕೂತವಳು ಕೂತೇ ಇದ್ದೆ.

ಏಳಲು ಆಗಲಿಲ್ಲ.

"ಗೆದ್ದ ಖುಷಿಗೆ ಸೊಂಟ ಮುರ್ಕೊಂಡ್ಳು ಇವಳು," ಎಂದು ನಮ್ಮ ಕ್ಯಾಪ್ಟನ್ ಸುನಂದಕ್ಕ ನಗಾಡಿದರು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. ಆಟೋದ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿ, ಗೆದ್ದ ಗೊನೆಯನ್ನು ಕಾಲಬುಡದಲ್ಲಿ ಇಟ್ಟರು. ನಮ್ಮೂರು ನಾರಾವಿಯಿಂದ ಮೂಡಬಿದ್ರೆಯ ಆಸ್ಪತ್ರೆಯವರೆಗೆ, ಪ್ರತಿ ತಿರುವಿನಲ್ಲೂ ಆ ಗೊನೆ ಉರುಳಿ ನನ್ನ ಪಾದಕ್ಕೆ ಬಡಿಯುತ್ತಿತ್ತು.

ಹೇಳಬೇಕೆಂದರೆ ನೋವು ನನಗೆ ಹೊಸತಲ್ಲ. ತಿಂಗಳು ತಿಂಗಳೂ ಬರುತ್ತಿತ್ತು. ನಾನು ಟೈಲರ್, ಪೇಟೆಯಲ್ಲಿ ಒಂದೇ ಕೋಣೆಯ ಅಂಗಡಿ. ಆ ದಿನಗಳಲ್ಲಿ ಮಾತ್ರೆ ನುಂಗಿ ಮೆಷಿನ್ ತುಳಿಯುತ್ತಿದ್ದೆ. ತುಳಿದಷ್ಟೂ ನೋವು ಸೊಂಟದಿಂದ ತೊಡೆಗೆ ಇಳಿಯುತ್ತಿತ್ತು. ಹೆಣ್ಣಾಗಿ ಹುಟ್ಟಿದ ಮೇಲೆ ಇದ್ದದ್ದೇ ಎಂದು ಹಿರಿಯರು ಹೇಳಿದ್ದನ್ನು ನಾನೂ ನಂಬಿದ್ದೆ.

ಸ್ಕ್ಯಾನಿಂಗ್ ಆಯಿತು. ಡಾಕ್ಟರಮ್ಮ ನಿಧಾನವಾಗಿ ಹೇಳಿದರು: "ಇದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಗೆ ಇರುವ ಪದರದಂಥದ್ದು ಹೊರಗೂ ಬೆಳೆದಿದೆ. ಎಡಬದಿಯ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಇತ್ತು. ಅದು ಒಡೆದಿದೆ."

"ಇವಳು ಚಾಕೊಲೇಟ್ ತಿನ್ನುವುದೇ ಇಲ್ಲ ಡಾಕ್ಟ್ರೇ," ಎಂದರು ನನ್ನ ಗಂಡ, ತುಂಬ ಗಂಭೀರವಾಗಿ.

"ತಿನ್ನುವ ಚಾಕೊಲೇಟ್ ಅಲ್ಲ. ಹಳೆ ರಕ್ತ ಕಟ್ಟಿ ಆ ಬಣ್ಣ ಬರ್ತದೆ."

ನಗುವ ಹಾಗೂ ಇರಲಿಲ್ಲ, ಅಳುವ ಹಾಗೂ ಇರಲಿಲ್ಲ. ಉಸಿರೆಳೆದರೆ ಸಾಕು, ನೋವು.

ಹೊಟ್ಟೆಗೆ ಸಣ್ಣ ತೂತು ಕೊರೆದು ಲ್ಯಾಪರೊಸ್ಕೋಪಿ ಆಪರೇಷನ್ ಮಾಡಿದರು. ಡಿಸ್ಚಾರ್ಜ್ ಆಗುವ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ: "ಇನ್ನು ಹಗ್ಗ ಎಳೆಯಬಹುದಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಲ್ಲರೂ ಅಡಿಗೆ ಯಾವಾಗ ಮಾಡ್ಬಹುದು ಅಂತ ಕೇಳ್ತಾರೆ. ನೀವು ಹಗ್ಗ ಕೇಳ್ತೀರಿ! ನೋಡಿ, ಈ ಕಾಯಿಲೆ ಪೂರ್ತಿ ಹೋಗ್ತದೆ ಅಂತ ನಾನು ಹೇಳುವುದಿಲ್ಲ. ಹತೋಟಿಯಲ್ಲಿ ಇಡ್ಬಹುದು. ಗಾಯ ಮಾಗಲಿ, ಫಿಸಿಯೋಥೆರಪಿಗೆ ಬನ್ನಿ. ಆಮೇಲೆ ಹಗ್ಗದ ಮಾತಾಡುವ."

ಆಗಬಹುದು ಎಂದೂ ಅನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ನನಗೆ ಅಷ್ಟು ಸಾಕಾಯಿತು. ಬರುವ ಅಷ್ಟಮಿಗೆ ಹಗ್ಗದ ಕೊನೆಯಲ್ಲಿ ನಾನೇ ನಿಲ್ಲಬೇಕು ಎಂದು ಹಾಸಿಗೆಯಲ್ಲೇ ಗಟ್ಟಿ ಮಾಡಿಕೊಂಡೆ.

ಫಿಸಿಯೋಥೆರಪಿಯ ಹುಡುಗಿ ಮೊದಲು ಕಲಿಸಿದ್ದು ಉಸಿರಾಟ. ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈ ಇಡುವುದು. ಉಸಿರು ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲಿ ತಡೆಯುತ್ತದೆ ಎಂದು ಗಮನಿಸುವುದು. "ಇಷ್ಟೇನಾ?" ಎಂದು ಕೇಳಿದೆ. "ಸದ್ಯಕ್ಕೆ ಇಷ್ಟೇ ಅಕ್ಕ," ಎಂದಳು. ಮಲಗಿ ಉಸಿರಾಡಿದರೆ ಯಾರು ಗೆದ್ದಾರು? ನಾನು ಮೊಬೈಲಿನಲ್ಲಿ ಹಾರುವ, ಕುಪ್ಪಳಿಸುವ ವ್ಯಾಯಾಮ ಹಾಕಿಕೊಂಡು ದಿನಾ ಅಂಗಳದಲ್ಲಿ ಶುರು ಮಾಡಿದೆ. ಮುಟ್ಟು ನಿಲ್ಲಲೆಂದು ಡಾಕ್ಟರಮ್ಮ ಕೊಟ್ಟ ಮೊದಲ ಹಾರ್ಮೋನ್ ಮಾತ್ರೆ ನನಗೆ ಒಗ್ಗದೆ, ಅವರೇ ಅದನ್ನು ನಿಲ್ಲಿಸಿ ಬೇರೆ ಔಷಧಿ ಬರೆದಿದ್ದರು. ಮುಟ್ಟು ಮತ್ತೆ ಬರುತ್ತಿತ್ತು. ಬಂದರೂ ನಾನು ಹಾರುವುದನ್ನು ಬಿಡಲಿಲ್ಲ. ಎಂದಿನ ವೇಗ, ಎಂದಿನ ಹಟ.

ಹಾಗಿರುವಾಗ ಕೆಡ್ಡಸ ಬಂತು. ಮಕರ ತಿಂಗಳ ಕೊನೆಗೆ ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ತುಳುವರು ಆಚರಿಸುವ ಮೂರು ದಿನ. ಯಾರೂ ಮಣ್ಣು ಅಗೆಯುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಕೊನೆಯ ದಿನ ಮನೆಯ ಹೆಂಗಸರು ಎಣ್ಣೆ, ಸೀಗೆ, ಅರಸಿನ ಇಟ್ಟು ಅವಳನ್ನು ಮೀಯಿಸುತ್ತಾರೆ. ನಡುವಿನ ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಧಡಧಡ ಹಾರುತ್ತಿದ್ದೆ. ನನ್ನ ಅತ್ತೆ, ನಮ್ಮಲ್ಲಿ ಮಾಮಿ ಎಂದು ಕರೆಯುವುದು, ಒಳಗಿಂದ ಓಡಿ ಬಂದರು.

"ಏ ಶಶೀ, ನಿಲ್ಸು ಮಾರಾಯ್ತಿ! ಕೆಡ್ಡಸದ ದಿನ ಭೂಮಿಯ ಮೇಲೆ ಹೀಗೆ ಹಾರುವುದಾ? ಅವಳಿಗೆ ಬೇನೆ ಆಗುದಿಲ್ವಾ?"

ನಿಂತೆ. ನಿಂತ ಮೇಲೆ ಗೊತ್ತಾಯಿತು, ಎಡಬದಿ ಎಷ್ಟು ನೋಯುತ್ತಿದೆ ಎಂದು. ಚಪ್ಪರದ ಕಂಬ ಹಿಡಿದುಕೊಂಡೆ.

"ನನಗೂ ಮುಟ್ಟೇ, ಮಾಮಿ."

"ಯಾವಾಗ ಆದದ್ದು?"

"ನಿನ್ನೆ."

ಮಾಮಿ ಒಮ್ಮೆ ನೆಲ ನೋಡಿದರು, ಒಮ್ಮೆ ನನ್ನನ್ನು.

"ಅಯ್ಯೋ ಕರ್ಮವೇ! ಭೂಮಿಗೊಂದು ನ್ಯಾಯ, ನಿನಗೊಂದಾ? ಹೊಟ್ಟೆ ಕೊಯ್ಸಿಕೊಂಡು ಬಂದವಳು!"

"ಮುಟ್ಟು ಅಂತ ಮಲಗಿದ್ರೆ ಹಗ್ಗ ಎಳೆಯುವುದು ಯಾವಾಗ?"

"ಕೆಡ್ಡಸ ಮುಗಿದ ಮೇಲೆ ಗದ್ದೆಗೆ ಯಾರೂ ಇಳಿಯುದಿಲ್ವಾ? ಇಳಿತೇವೆ. ಉಳ್ತೇವೆ. ಅವಳಿಗೆ ರಜೆ ಕೊಡುದು, ಗದ್ದೆ ಬಿತ್ತದೆ ಹಡಿಲು ಬಿಡುದಲ್ಲ."

ಮರುದಿನ ಮಾಮಿ ಭೂಮಿಗೆ ಎಣ್ಣೆ ಬಿಟ್ಟರು. ಅಂಗೈಯಲ್ಲಿ ಉಳಿದದ್ದನ್ನು ತಂದು ನನ್ನ ಸೊಂಟಕ್ಕೆ ಹಚ್ಚಿದರು. ಹೊರಗೆ ಕೂತವಳನ್ನು ಮುಟ್ಟಿದರೆ ಮೀಯಬೇಕು ಎನ್ನುವ ಕಾಲದವರು ಅವರು.

"ಇದಕ್ಕೆ ಶಾಸ್ತ್ರ ಉಂಟಾ ಮಾಮಿ?"

"ಇಲ್ಲ. ಈಗ ಮಾಡಿದ್ದು. ಸುಮ್ನೆ ಮಲಗು."

ನೋವು ಇಳಿದ ಮೇಲೆ ನಾನೇ ಮೂಡಬಿದ್ರೆಗೆ ಬಸ್ಸು ಹತ್ತಿದೆ. ಫಿಸಿಯೋಥೆರಪಿಯ ಹುಡುಗಿ ಬೈಯಲಿಲ್ಲ. ಮತ್ತೆ ಅದೇ ಉಸಿರಿನಿಂದ ಶುರು ಮಾಡಿಸಿದಳು. ಈ ಸಲ ಕಿವಿಗೊಟ್ಟೆ. ರಕ್ತ ಹೋಗುವ ದಿನಗಳಲ್ಲಿ ಕಾಲನ್ನು ಕುರ್ಚಿಯ ಮೇಲಿಟ್ಟು ಮಲಗುವುದು, ಆಮೇಲೆ ಮೊಣಕಾಲು ಮಡಚಿ, ತೊಟ್ಟಿಲು ತೂಗಿದ ಹಾಗೆ ಅತ್ತ ಇತ್ತ ವಾಲಿಸುವುದು. ನಿಂತ ಮೇಲೆ ನಡಿಗೆ. ಮೈ ಹಗುರಾಗುವ ವಾರದಲ್ಲಿ ಬೈಠಕ್, ಹಲಸಿನ ಮರಕ್ಕೆ ಕಟ್ಟಿದ ಹಗ್ಗದ ಎಳೆತ. ಮುಟ್ಟು ಹತ್ತಿರವಾದಂತೆ ಮತ್ತೆ ನಿಧಾನ. "ಲೆಕ್ಕ ಹಾಕಿ ಮಾಡ್ಬೇಡಿ ಅಕ್ಕ. ದಿನಾ ಕೇಳಿ ಮಾಡಿ. ಒಳ್ಳೆ ವಾರದಲ್ಲೂ ಮೈ ಬೇಡ ಅಂದ್ರೆ ಬೇಡ," ಎನ್ನುತ್ತಿದ್ದಳು.

ವಿಚಿತ್ರವೆಂದರೆ ಇದು ನನಗೆ ಗೊತ್ತಿದ್ದ ವಿಷಯವೇ. ಹೆಂಗಸರ ಮೈ ತಿಂಗಳಿಡೀ ಒಂದೇ ಅಳತೆಯಲ್ಲಿ ಇರುವುದಿಲ್ಲ. ಮುಟ್ಟಿನ ಮುಂಚೆ ಕೊಟ್ಟ ಅಳತೆಗೆ ರವಿಕೆ ಹೊಲಿದರೆ ವಾರ ಕಳೆದು "ಸಡಿಲ ಆಯ್ತು ಶಶಿಯಕ್ಕ" ಎಂದು ತಂದುಕೊಡುತ್ತಾರೆ. ಅದಕ್ಕೇ ಟೈಲರುಗಳು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡುವುದು, ಬೇಕಾದರೆ ಬಿಚ್ಚಲಿಕ್ಕೆ, ಬೇಕಾದರೆ ಹಿಡಿಯಲಿಕ್ಕೆ. ಊರಿನವರ ರವಿಕೆಗೆಲ್ಲ ಬಿಟ್ಟೆ. ನನ್ನ ದಿನಗಳಿಗೆ ಮಾತ್ರ ಅಂಚಿಗೇ ಹೊಲಿಗೆ ಹಾಕಿದ್ದೆ.

ಆಟಿ ತಿಂಗಳ ಜಡಿಮಳೆಯಲ್ಲೂ ಹಲಸಿನ ಬುಡಕ್ಕೆ ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಎಳೆಯಿರಿ. ನೋವು ಬಂದ್ರೆ ಹಗ್ಗ ಬಿಡ್ಬೇಕು, ಆಯ್ತಾ?" ಎಂದರು. ಆಯ್ತು ಎಂದೆ.

ಈ ವರ್ಷದ ಅಷ್ಟಮಿ. ಕೊನೆಯ ಜಾಗ ನನ್ನದೇ. ಮೊದಲ ಆಟ ಗೆದ್ದೆವು. ಎರಡನೆಯದನ್ನೂ ಗೆದ್ದೆವು. ಫೈನಲಿಗೆ ಮುಂಚೆ ನೀರು ಕುಡಿಯುತ್ತಿದ್ದಾಗ ಎಡಬದಿಯಲ್ಲಿ ಯಾರೋ ನೂಲು ಹಿಡಿದು ಮೆಲ್ಲ ಎಳೆದ ಹಾಗಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರೆಳೆದು ನೋಡಿದೆ. ಉಸಿರು ಅಲ್ಲಿಯವರೆಗೆ ಇಳಿಯಲಿಲ್ಲ.

"ಸುನಂದಕ್ಕ, ನಾನು ಇದಕ್ಕೆ ಇಲ್ಲ."

"ಎಂತ ಹೇಳ್ತಿ ನೀನು? ಫೈನಲ್ ಮಾರಾಯ್ತಿ! ಒಂದು ಎಳೆತ!"

"ಕಳೆದ ಸಲವೂ ಒಂದು ಎಳೆತವೇ."

ಸುನಂದಕ್ಕನ ಮುಖ ಕೆಂಪಾಯಿತು. ಅಷ್ಟರಲ್ಲಿ ನನ್ನ ಮುಂದೆ ನಿಲ್ಲುವ ಪ್ರಮೀಳಾ ಸಣ್ಣ ದನಿಯಲ್ಲಿ, "ನನಗೂ ಇವತ್ತು ಎರಡನೇ ದಿನ ಅಕ್ಕ. ತಲೆ ತಿರುಗ್ತಾ ಉಂಟು. ಹೇಳ್ಲಿಕ್ಕೆ ನಾಚಿಕೆ ಆಯ್ತು," ಎಂದಳು.

"ಇನ್ನು ಯಾರಿಗೆಲ್ಲ ಉಂಟು? ಈಗಲೇ ಹೇಳಿಬಿಡಿ, ಹಗ್ಗ ನಾನೊಬ್ಬಳೇ ಎಳಿತೇನೆ!" ಎಂದು ಸುನಂದಕ್ಕ ಕಿರುಚಿದರು. ಕಿರುಚಿ ಅವರೇ ನಕ್ಕರು. ಬದಲಿ ಇಬ್ಬರನ್ನು ಕರೆದು, ಕೊನೆಯಲ್ಲಿ ತಾವೇ ಸೊಂಟಕ್ಕೆ ಹಗ್ಗ ಸುತ್ತಿಕೊಂಡರು. ನಾನೂ ಪ್ರಮೀಳಾನೂ ಗೆರೆಯ ಹೊರಗೆ ನಿಂತು ಗಂಟಲು ಹರಿಯುವಷ್ಟು ಕೂಗಿದೆವು.

ಸೋತೆವು.

ಮನೆಗೆ ಹೋದಾಗ ಮಾಮಿ ಜಗಲಿಯಲ್ಲೇ ಇದ್ದರು. "ಗೊನೆ ಎಲ್ಲಿ?"

"ಬೇರೆಯವರ ಪಾಲಾಯ್ತು."

"ಆಟೋ ಎಲ್ಲಿ?"

"ನಡ್ಕೊಂಡು ಬಂದೆ ಮಾಮಿ."

ಮಾಮಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾಗಾದ್ರೆ ಕಾಲು ತೊಳ್ಕೊಂಡು ಬಾ, ಉಣ್ಣುವ."

ಕಾಯಿಲೆ ಹೋಗಿಲ್ಲ. ಸ್ಕ್ಯಾನಿಂಗ್ ಇದೆ, ಔಷಧಿ ಇದೆ, ಕೆಲವು ತಿಂಗಳು ಆ ದಿನಗಳಲ್ಲಿ ಅಂಗಡಿಯ ಬಾಗಿಲು ಅರ್ಧ ದಿನ ಮುಚ್ಚಿಯೇ ಇರುತ್ತದೆ. ಆ ಅಷ್ಟಮಿಯ ಮರುದಿನವೇ ಮುಟ್ಟಾಗಿ, ಕುರ್ಚಿಯ ಮೇಲೆ ಕಾಲಿಟ್ಟು ಮಲಗಿ, ಕಿಟಕಿಯಿಂದ ಹಲಸಿನ ಮರದ ಹಗ್ಗ ನೋಡುತ್ತಿದ್ದೆ. ನೋವು ಕಳೆದ ಮೇಲೆ ಒಂದು ಬೆಳಿಗ್ಗೆ ಹೊಟ್ಟೆಯ ಮೇಲೆ ಕೈಯಿಟ್ಟೆ. ಉಸಿರು ತಳದವರೆಗೆ ಇಳಿಯಿತು. ಎದ್ದು ಹೋಗಿ, ಒದ್ದೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡೆ.