ಗಾಜಿನೊಳಗಿನ ಬಂಗುಡೆ

ಕಾಪು ಕಡಲತೀರದಲ್ಲಿ ನಾವು ಮೂವರಿದ್ದೆವು: ನಾನು, ಒಣಮೀನು ಮಾರುವ ಗಿರಿಜಕ್ಕ, ಸೋಲಾರ್ ತರಬೇತಿಗೆಂದು ಮಲಾವಿ ದೇಶದಿಂದ ಮಣಿಪಾಲಕ್ಕೆ ಬಂದಿದ್ದ ಗ್ರೇಸ್. ಎದುರಿಗೆ ಗಾಜಿನ ಮುಚ್ಚಳದ ಪೆಟ್ಟಿಗೆ. ಬಿಸಿಲನ್ನು ಹಿಡಿದಿಟ್ಟು ಮೀನು ಒಣಗಿಸುವಂಥದ್ದು. ಗಿರಿಜಕ್ಕ ವಾರದ ಬಂಗುಡೆಯನ್ನೆಲ್ಲ ಮೊದಲ ಸಲ ಅದಕ್ಕೆ ಒಪ್ಪಿಸಿದ್ದರು.

"ಹಾಳಾದರೆ ಸಂತೆಗೆ ಕೈಬೀಸಿಕೊಂಡು ಹೋಗುವುದಷ್ಟೆ," ಎಂದರು.

ಇದ್ದಕ್ಕಿದ್ದಂತೆ ಮಳೆ ಬಂತು. ಮರಳಿನ ಮೇಲೆ ಮೀನು ಹರಡಿದ್ದವರೆಲ್ಲ ಓಡಿದರು. ಗಿರಿಜಕ್ಕನೂ ಓಡಿ, ಟರ್ಪಾಲು ತಂದು ಪೆಟ್ಟಿಗೆಗೆ ಹೊದೆಸಿದರು.

"ಎಂತ ಅಕ್ಕ, ಗಾಜು ಉಂಟಲ್ವಾ?" ಎಂದೆ.

"ಅದು ನನ್ನ ಕಾಲಿಗೆ ಗೊತ್ತಾಗಬೇಕಲ್ವಾ ಮಾರಾಯ್ರೆ!"

ನಗುತ್ತಾ ಟರ್ಪಾಲು ಸರಿಸಿದರು. ಗಾಜಿನ ಮೇಲೆ ನೀರು ಧಾರೆಯಾಗಿ ಹರಿಯುತ್ತಿತ್ತು. ಕೆಳಗೆ ಬಂಗುಡೆಗಳು ಬಿಸಿಲಿನಲ್ಲಿದ್ದ ಹಾಗೆಯೇ ಮಲಗಿದ್ದವು. ಪೆಟ್ಟಿಗೆಗೆ ಕೈಯಿಟ್ಟೆ, ಅಷ್ಟು ಮಳೆಯಲ್ಲೂ ಒಳಗಿನ ಬಿಸಿಲು ಬೆಚ್ಚಗಿತ್ತು. ಮೂವರೂ ತೊಯ್ಯುತ್ತಾ ಬಾಗಿ ನೋಡುತ್ತಾ ನಿಂತೆವು.

"ಮೀನು ಒಣ, ನಾವು ಒದ್ದೆ!" ಎಂದರು ಗಿರಿಜಕ್ಕ.

ಆ ವಾರ ಅವರು ತುಂಬಿದ ಬುಟ್ಟಿ ಹೊತ್ತು ಸಂತೆಗೆ ಹೋದರು. ಗ್ರೇಸ್ ಊರಿಗೆ ಮರಳಿದ ಮೇಲೆ ಒಂದು ಫೋಟೋ ಕಳಿಸಿದರು. ಅಲ್ಲಿನ ಸರೋವರದ ದಂಡೆಯಲ್ಲಿ ಅಂಥದ್ದೇ ಗಾಜಿನ ಪೆಟ್ಟಿಗೆ, ಸುರಿಯುವ ಮಳೆ. ಪೆಟ್ಟಿಗೆಯ ಮೇಲೆ ಯಾರೋ ಟರ್ಪಾಲು ಹೊದೆಸಿದ್ದರು.